ಪೊಳಲಿ ಚೆಂಡಿನ ದೂರದ ದಾಯಾದಿ

ಸುಗ್ಗಿ ತಿಂಗಳಲ್ಲಿ ಚಾರ್ಮಾಡಿಯಿಂದ ಕೆಳಗಿಳಿಯುವ ಬಸ್ಸು ಹತ್ತಿದರೆ ಉಜಿರೆ ಮುಟ್ಟುವುದರೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಪುರಲ್ದ ಚೆಂಡು ಏಪ?” ಪೊಳಲಿಯ ಚೆಂಡು ಯಾವತ್ತು ಎಂದು. ಗೋಡೆಯ ಕ್ಯಾಲೆಂಡರ್ ನೋಡಿ ಹೇಳುವಂಥದ್ದಲ್ಲ ಅದು. ಬಂಟ್ವಾಳ ತಾಲೂಕು ಕರಿಯಂಗಳ ಗ್ರಾಮದ ಪೊಳಲಿ ಶ್ರೀ ರಾಜರಾಜೇಶ್ವರಿ ದೇವಸ್ಥಾನದಲ್ಲಿ ಮೀನ ಸಂಕ್ರಮಣದ ಹೊತ್ತಿಗೆ ಕೊಡಿ ಏರುತ್ತದೆ. ಈ ಸಲದ ಜಾತ್ರೆ ಎಷ್ಟು ದಿನದ್ದು ಎಂಬುದನ್ನು ಆಮೇಲೆ ‘ಕುದಿ ಕರೆದು’ ಸಾರುತ್ತಾರೆ. ಹೆಚ್ಚು ಕಡಿಮೆ ಒಂದು ತಿಂಗಳ ಜಾತ್ರೆ, ಅದರ ಕೊನೆಗೆ ಐದು ದಿನ ಚೆಂಡು. ಈಗೆಲ್ಲ ಕುದಿ ಕರೆದ ಸ್ವಲ್ಪ ಹೊತ್ತಿಗೇ ವಾಟ್ಸಾಪಿನಲ್ಲಿ ದಿನಾಂಕ ಬಂದುಬಿಡುತ್ತದೆ. ಆದರೂ ಬಸ್ಸಿನಲ್ಲಿ ಕೇಳುವುದನ್ನು ಯಾರೂ ಬಿಟ್ಟಿಲ್ಲ.

ಘಟ್ಟದ ಬುಡದವರಿಗೆ ಪೊಳಲಿ ಹತ್ತಿರವೇನಲ್ಲ. ಬೆಳ್ತಂಗಡಿ, ಗುರುವಾಯನಕೆರೆ ದಾಟಿ ಬಿ.ಸಿ. ರೋಡಿನ ಮೇಲೆ ಹೋಗಬಹುದು. ವೇಣೂರು, ಮೂಡುಬಿದಿರೆ, ಗುರುಪುರ ಕೈಕಂಬದ ಮೇಲೂ ಹೋಗಬಹುದು. ನಾನು ಹೇಳುವುದು ಎರಡನೆಯ ದಾರಿ. ಯಾಕೆಂದರೆ ಅದು ಮಿಜಾರಿನ ಮೇಲೆ ಹೋಗುತ್ತದೆ, ಪೊಳಲಿಯ ಚೆಂಡು ಹುಟ್ಟುವುದು ಅಲ್ಲಿ. ತೊಗಲಿನ ಆ ದೊಡ್ಡ ಚೆಂಡನ್ನು ಹೊಲಿದು ಕೊಡುವುದು ಮಿಜಾರಿನ ಒಂದು ಚರ್ಮ ಕೆಲಸದ ಕುಟುಂಬ. ಅದರ ಖರ್ಚು ಹೊರುವುದು ಮೂಡುಬಿದಿರೆಯ ಒಂದು ಗಾಣಿಗ ಕುಟುಂಬ. ದೇವಸ್ಥಾನ ಇರುವುದು ಒಂದು ತಾಲೂಕಿನಲ್ಲಿ, ಚೆಂಡು ಬರುವುದು ಇನ್ನೊಂದು ತಾಲೂಕಿನಿಂದ. ಸಾವಿರ ಸೀಮೆಯ ದೇವಿಗೆ ತಾಲೂಕಿನ ಗಡಿ ಯಾವ ಲೆಕ್ಕ?

ಚೆಂಡಿನ ಗದ್ದೆ ದೇವಸ್ಥಾನದ ಎದುರಿಗೇ ಇದೆ. ಒಣಗಿ ಗಟ್ಟಿಯಾದ ನೆಲ, ನೆತ್ತಿ ಸುಡುವ ಬಿಸಿಲು. ಎರಡು ಕಡೆಯ ಊರಿನವರು ಗದ್ದೆಗೆ ಇಳಿಯುತ್ತಾರೆ. ಇಂತಿಷ್ಟೇ ಜನ ಎಂಬ ಲೆಕ್ಕ ಇಲ್ಲ, ಸೀಟಿ ಊದುವವರಿಲ್ಲ, ಬೆನ್ನ ಮೇಲೆ ನಂಬರಿಲ್ಲ. ಬದುವಿನ ಮೇಲೆ ನಿಂತವರಿಗೆ ಬಹಳ ಹೊತ್ತು ಚೆಂಡು ಕಾಣುವುದೇ ಇಲ್ಲ. ಕಾಣುವುದೆಲ್ಲ ಬೆನ್ನು, ಮೊಣಕೈ, ಬೆವರಿಗೆ ಮೆತ್ತಿಕೊಂಡ ಧೂಳು. ಗುಂಪು ಒಂದು ಕಡೆಗೆ ವಾಲುತ್ತದೆ, ತಡೆಯುತ್ತದೆ, ನಿಂತಲ್ಲೇ ಸುತ್ತುತ್ತದೆ. ಒಳಗಿನವರಿಗೆ ಹೊರಗೆ ಬರಲಿಕ್ಕಾಗುವುದಿಲ್ಲ, ಹೊರಗಿನವರಿಗೆ ಒಳಗೆ ನುಗ್ಗಲಿಕ್ಕಾಗುವುದಿಲ್ಲ. ಪಕ್ಕನೆ ಒಂದು ಮೂಲೆ ಒಡೆಯುತ್ತದೆ, ಚೆಂಡು ಚಿಮ್ಮುತ್ತದೆ, ಇಡೀ ಗದ್ದೆ ಅದರ ಹಿಂದೆ. ಆಗ ಬದುವಿನ ಮೇಲಿದ್ದವರೂ ಓಡಬೇಕು, ಇಲ್ಲದಿದ್ದರೆ ಗುಂಪು ಮೈಮೇಲೆ ಬರುತ್ತದೆ. ದೇವಿ ದುಷ್ಟರನ್ನು ಸಂಹರಿಸಿದ ನೆನಪು ಇದು, ಒಳಿತು ಕೆಡುಕುಗಳ ಹೋರಾಟ ಎಂಬುದು ನಂಬಿಕೆ. ಆಟ ಮುಗಿದು ಮನೆಗೆ ಹೊರಟವರ ಕಂಕುಳಲ್ಲಿ ಒಂದೊಂದು ಬಚ್ಚಂಗಾಯಿ. ಪೊಳಲಿಗೆ ಹೋಗಿ ಬಚ್ಚಂಗಾಯಿ ತಾರದವರನ್ನು ಮನೆಯವರು ಹೋಗಿಬಂದವರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಟಿವಿಯಲ್ಲಿ ರಗ್ಬಿ ನೋಡಿದವರಿಗೆ ಆ ಗುಂಪಿನ ಗುರುತು ಸಿಗಬೇಕು. ಎಂಟೆಂಟು ಮಂದಿ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು, ನಡುವಿನ ಚೆಂಡಿಗಾಗಿ ದಬ್ಬಾಡುವ ‘ಸ್ಕ್ರಮ್’ ಎಂಬುದಿದೆಯಲ್ಲ, ಅದು ಚೆಂಡಿನ ಗದ್ದೆಯದೇ ಅಚ್ಚುಕಟ್ಟಾದ ಮರಿ. ‘ರಗ್ಬಿ ನಮ್ಮ ಮಣ್ಣಿನದ್ದಲ್ಲ, ಇಂಗ್ಲಿಷರ ಆಟ’ ಎಂದು ಯಾರಾದರೂ ಹೇಳಿದರೆ ನನಗೆ ಅರ್ಧ ಮಾತ್ರ ಒಪ್ಪಿಗೆ. ನಿಯಮ ಇಂಗ್ಲಿಷರದ್ದು. ಆಟ ಊರೂರಿನದ್ದು.

ಮೇಲಿನವರು, ಕೆಳಗಿನವರು

ಸ್ಕಾಟ್‌ಲೆಂಡಿನ ತೆಂಕಣ ಗಡಿಯಲ್ಲಿ ಜೆಡ್‌ಬರೋ ಎಂಬ ಪುಟ್ಟ ಪಟ್ಟಣವಿದೆ. ವರ್ಷಕ್ಕೊಮ್ಮೆ, ಚಳಿಗಾಲ ಮುಗಿಯುತ್ತಾ ಬರುವಾಗ, ಊರಿನ ಮೇಲು ಭಾಗದವರೂ ಕೆಳ ಭಾಗದವರೂ ತೊಗಲ ಚೆಂಡಿಗಾಗಿ ಬೀದಿಯಲ್ಲೇ ಸೆಣಸುತ್ತಾರೆ. ಚೆಂಡಿಗೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಅಂಗಡಿಯವರು ಕಿಟಕಿಗಳಿಗೆ ಹಲಗೆ ಬಡಿದು ಮನೆಗೆ ಹೋಗುತ್ತಾರೆ. ಮೊತ್ತಮೊದಲು ಆಡಿದ್ದು ಗಡಿ ದಾಟಿ ಬಂದ ಇಂಗ್ಲಿಷನೊಬ್ಬನ ತಲೆಯನ್ನೇ ಎಂಬ ಕಥೆಯನ್ನು ಅಲ್ಲಿನವರು ಈಗಲೂ ಖುಷಿಯಿಂದ ಹೇಳುತ್ತಾರೆ. ನಮ್ಮಲ್ಲಿ ಅಸುರ, ಅವರಿಗೆ ಇಂಗ್ಲಿಷ. ಊರಿನ ಅಧಿಕಾರಿಗಳು ಆಟವನ್ನು ನಿಲ್ಲಿಸಲು ನೋಡಿದಾಗ ಜನ ಎಡಿನ್‌ಬರೋದ ಕೋರ್ಟಿನವರೆಗೂ ಹೋದರು. 1849ರಲ್ಲಿ ಕೋರ್ಟು ಆಟದ ಪರವಾಗಿಯೇ ತೀರ್ಪು ಕೊಟ್ಟಿತು. ಕಂಬಳದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದದ್ದನ್ನು ಕಂಡ ನಮಗೆ ಇದೇನೂ ವಿಚಿತ್ರವಲ್ಲ.

ಇಂಗ್ಲೆಂಡಿನ ಆಶ್‌ಬೋರ್ನ್‌ನಲ್ಲಿ ಎರಡು ದಿನದ ಆಟ. ಒಂದು ಗೋಲಿಗೂ ಇನ್ನೊಂದಕ್ಕೂ ಮೂರು ಮೈಲಿ ದೂರ, ನಡುವೆ ಹೊಳೆ. ಅಲ್ಲಿನ ನಿಯಮಗಳ ಪಟ್ಟಿಯಲ್ಲಿ ಚೆಂಡನ್ನು ಮೋಟಾರು ವಾಹನದಲ್ಲಿ ಸಾಗಿಸಬಾರದು, ಚೀಲದಲ್ಲಿ ಅಡಗಿಸಬಾರದು, ಕೊಲೆ ಮಾಡಬಾರದು ಎಂದಿದೆ. ಆ ಅನುಕ್ರಮದಲ್ಲಿ ಕೊಲೆ ಎಲ್ಲಿ ಬರುತ್ತದೆ ಎಂಬುದು ಊರಿನ ಮರ್ಜಿ ಇರಬೇಕು.

ಇಂಥ ಆಟಗಳು ಬ್ರಿಟನ್ನಿನ ಊರೂರಲ್ಲಿ ಇದ್ದವು, ಹೆಚ್ಚಿನವು ಸತ್ತವು. 1835ರ ಹೆದ್ದಾರಿ ಕಾನೂನು ಬೀದಿಯಲ್ಲಿ ಫುಟ್‌ಬಾಲ್ ಆಡುವವರಿಗೆ ದಂಡ ಹಾಕಿತು. ಕಾರ್ಖಾನೆಗಳು ಬಂದವು, ಬಯಲುಗಳಿಗೆ ಬೇಲಿ ಬಿತ್ತು. ಬೀದಿಯಿಂದ ಓಡಿಸಲ್ಪಟ್ಟ ಆಟಕ್ಕೆ ಆಸರೆ ಸಿಕ್ಕಿದ್ದು ಎತ್ತರದ ಗೋಡೆಗಳ ಒಳಗೆ, ದೊಡ್ಡವರ ಮಕ್ಕಳು ಕಲಿಯುವ ಶಾಲೆಗಳಲ್ಲಿ. ವಾರ್ವಿಕ್‌ಶೈರಿನ ರಗ್ಬಿ ಶಾಲೆ ಅವುಗಳಲ್ಲೊಂದು. ಅಲ್ಲಿಯೂ ಅದು ಶುರುವಿಗೆ ಊರಾಟದ ಹಾಗೆಯೇ ಇತ್ತು. 1839ರಲ್ಲಿ ರಾಣಿ ಅಡಿಲೇಡ್ ನೋಡಲು ಬಂದಿದ್ದಾಗ ಒಂದು ಕಡೆ 75 ಹುಡುಗರು, ಇನ್ನೊಂದು ಕಡೆ 225. ಪೊಳಲಿಯ ಗದ್ದೆಯ ಗುಂಪಿನ ಹಾಗೆಯೇ.

ಎತ್ತಿಕೊಂಡು ಓಡಿದವನು

ಅದೇ ಶಾಲೆಯ ಗೋಡೆಯಲ್ಲಿ ಒಂದು ಕಲ್ಲಿದೆ. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಅಂದಿನ ನಿಯಮವನ್ನು ಲೆಕ್ಕಿಸದೆ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಓಡಿದ, ರಗ್ಬಿ ಹುಟ್ಟಿದ್ದು ಹಾಗೆ ಎಂದು ಅದು ಸಾರುತ್ತದೆ. 1987ರಿಂದ ನಡೆಯುವ ವಿಶ್ವಕಪ್ಪಿನ ಟ್ರೋಫಿಗೂ ಅವನದೇ ಹೆಸರು. ಚಂದದ ಕಥೆ. ಬುಡ ಮಾತ್ರ ಸಡಿಲ.

ಆ ಕಥೆ ಹೇಳಿದವರು ಮ್ಯಾಥ್ಯೂ ಬ್ಲಾಕ್ಸಮ್ ಎಂಬ ಊರಿನ ಇತಿಹಾಸ ಪ್ರೇಮಿ, ಅದೇ ಶಾಲೆಯ ಹಳೆ ವಿದ್ಯಾರ್ಥಿ. ಬರೆದದ್ದು 1876ರಲ್ಲಿ, ಘಟನೆ ನಡೆಯಿತೆಂದ ಅರ್ಧ ಶತಮಾನದ ಮೇಲೆ. ಅವರು ಶಾಲೆ ಬಿಟ್ಟದ್ದು 1820ರಲ್ಲಿ, ಅಂದರೆ ಕಂಡು ಬರೆದದ್ದಲ್ಲ, ಕೇಳಿ ಬರೆದದ್ದು. ಆ ಹೊತ್ತಿಗೆ ವೆಬ್ ಎಲ್ಲಿಸ್ ಪಾದ್ರಿಯಾಗಿ ಬಾಳಿ, 1872ರಲ್ಲಿ ಫ್ರಾನ್ಸಿನ ಮಾಂತೋ ಎಂಬಲ್ಲಿ ತೀರಿಕೊಂಡಿದ್ದರು. ತಾನೊಂದು ಆಟ ಹುಟ್ಟಿಸಿದೆ ಎಂಬ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲ. ಅವರ ಸಮಾಧಿ ಎಲ್ಲಿದೆ ಎಂಬುದು ಕೂಡ ಪತ್ತೆಯಾದದ್ದು 1958ರಲ್ಲಿ.

1895ರಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಇದರ ನಿಜ ತಿಳಿಯಲು ಸಮಿತಿಯೊಂದನ್ನು ಮಾಡಿತು. ಸಾಕ್ಷಿ ಹೇಳಿದವರಲ್ಲಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯ ಥಾಮಸ್ ಹ್ಯೂಸ್ ಒಬ್ಬರು. ಅವರು 1834ರಲ್ಲಿ ಶಾಲೆ ಸೇರಿದವರು. ತಮ್ಮ ಕಾಲದಲ್ಲಿ ಚೆಂಡು ಹಿಡಿದು ಓಡುವುದಕ್ಕೆ ಪೂರ್ತಿ ನಿಷೇಧವೇನೂ ಇರಲಿಲ್ಲ ಎಂದರು. ಆದರೆ ಹಾಗೆ ಓಡುವಾಗ ಹುಡುಗನೊಬ್ಬ ಸತ್ತಿದ್ದರೆ, ಶಾಲೆಯ ಹುಡುಗರನ್ನೇ ಪಂಚರನ್ನಾಗಿ ಕೂರಿಸಿದ್ದರೆ, ಕೊಂದದ್ದು ಸರಿಯೇ ಎಂದು ತೀರ್ಪು ಕೊಡುತ್ತಿದ್ದರು ಎಂಬರ್ಥದ ಮಾತನ್ನೂ ಸೇರಿಸಿದರು. ಹಾಗಾದರೆ 1823ರ ಹುಡುಗನೊಬ್ಬ ಎತ್ತಿಕೊಂಡು ಓಡಿ ಎಲ್ಲವನ್ನೂ ಬದಲಿಸಿದ್ದು ಎಲ್ಲಿಂದ ಬಂತು? ಓಟವನ್ನು ರೂಢಿಗೆ ತಂದದ್ದು 1830ರ ದಶಕದ ಕೊನೆಯಲ್ಲಿದ್ದ ಜೆಮ್ ಮ್ಯಾಕಿ ಎಂಬ ಬಲಶಾಲಿ ಹುಡುಗ. ಅವನ ಹೆಸರಲ್ಲಿ ಕಪ್ಪಿಲ್ಲ, ಕಲ್ಲೂ ಇಲ್ಲ. ನನಗನಿಸುವುದು, ಊರಾಟದ ಮಗುವಿಗೆ ಒಬ್ಬ ಅಪ್ಪನನ್ನು ಹುಡುಕಬೇಕಾಗಿತ್ತು, ಅವನು ಶಾಲೆಯೊಳಗಿನವನೇ ಆಗಬೇಕಾಗಿತ್ತು. 1895ರಲ್ಲೇ ಯಾಕೆ ಎಂಬುದಕ್ಕೂ ಕಾರಣವಿದೆ, ಮುಂದೆ ಬರುತ್ತದೆ.

ನಿಜವಾಗಿ ಆಟವನ್ನು ಬದಲಿಸಿದ್ದು ಒಂದು ಕಾಗದ. 1845ರ ಆಗಸ್ಟಿನಲ್ಲಿ ಮೂವರು ಹುಡುಗರು ಕೂತು 37 ನಿಯಮ ಬರೆದರು. ಫುಟ್‌ಬಾಲಿನ ಯಾವುದೇ ರೂಪಕ್ಕೆ ಬರಹದಲ್ಲಿ ಸಿಕ್ಕ ಮೊದಮೊದಲ ನಿಯಮಗಳಲ್ಲಿ ಅವೂ ಸೇರಿವೆ. ಮೂವರಲ್ಲಿ ಒಬ್ಬ ಹೆಡ್‌ಮಾಸ್ಟರ್ ಆಗಿದ್ದ ಥಾಮಸ್ ಆರ್ನಾಲ್ಡರ ಮಗ ವಿಲಿಯಂ ಡೆಲಫೀಲ್ಡ್ ಆರ್ನಾಲ್ಡ್, ಆಗ 17 ವರ್ಷ. ಈ ಹುಡುಗ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ ಭಾರತಕ್ಕೆ ಬಂದ, ಪಂಜಾಬಿನಲ್ಲಿ ಶಿಕ್ಷಣ ಇಲಾಖೆಯ ಮೊದಲ ನಿರ್ದೇಶಕನಾದ, ಊರಿಗೆ ಮರಳುವ ದಾರಿಯಲ್ಲಿ 1859ರಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡ, 31ರ ಹರೆಯದಲ್ಲಿ. ರಗ್ಬಿಯ ನಿಯಮ ಬರೆದ ಕೈಯೇ ಪಂಜಾಬಿನ ಹಳ್ಳಿ ಶಾಲೆಗಳ ಕಡತಕ್ಕೂ ಸಹಿ ಹಾಕಿತ್ತು ಎಂಬುದು ಆಟದ ಚರಿತ್ರೆಯಲ್ಲಿ ಅಡಿಟಿಪ್ಪಣಿ ಕೂಡ ಆಗಿಲ್ಲ.

ಬರೆದ ನಿಯಮ ಬೇರೆ ಊರಿಗೆ ಹೋಗಬಲ್ಲದು. ಪೊಳಲಿಯ ಚೆಂಡನ್ನು ಆಡಬೇಕಾದರೆ ಪೊಳಲಿಗೇ ಬರಬೇಕು. ವ್ಯತ್ಯಾಸ ಅಷ್ಟೇ.

ಚೆಂಡು ಹೊಲಿಯುವವರ ಪಾಡು

ರಗ್ಬಿ ಚೆಂಡು ಯಾಕೆ ಉರುಟಾಗಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಹಂದಿಯ ಮೂತ್ರಕೋಶ ಉರುಟಲ್ಲ, ಅದಕ್ಕೆ. ಅದನ್ನು ಊದಿ ಉಬ್ಬಿಸಿ ಮೇಲೆ ತೊಗಲು ಹೊಲಿಯುತ್ತಿದ್ದರು. ಒಂದೊಂದು ಹಂದಿಗೆ ಒಂದೊಂದು ಗಾತ್ರ, ಹಾಗಾಗಿ ಚೆಂಡಿಗೂ ಒಂದೊಂದು ಗಾತ್ರ. ಶಾಲೆಯ ಹುಡುಗರಿಗೆ ಬೂಟು ಹೊಲಿದು ಕೊಡುತ್ತಿದ್ದ ಮೋಚಿಗಳೇ ಚೆಂಡನ್ನೂ ಮಾಡುತ್ತಿದ್ದರು. ವಿಲಿಯಂ ಗಿಲ್ಬರ್ಟ್ ಒಬ್ಬ, 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಚೆಂಡು ಕಳಿಸಿದವನು. ಅವನ ಹೆಸರು ಇಂದಿಗೂ ಚೆಂಡಿನ ಮೇಲಿದೆ. ಇನ್ನೊಬ್ಬ ರಿಚರ್ಡ್ ಲಿಂಡನ್. ಅವನ ಕಥೆ ಕೇಳುವಂಥದ್ದು.

ಲಿಂಡನ್ ಹೊಲಿಯುತ್ತಿದ್ದ, ಊದುವುದು ಹೆಂಡತಿಯ ಕೆಲಸ. ಹಸಿ ಮೂತ್ರಕೋಶಕ್ಕೆ ತಂಬಾಕು ಸೇದುವ ಮಣ್ಣಿನ ಕೊಳವೆ ಚುಚ್ಚಿ ಬಾಯಲ್ಲೇ ಗಾಳಿ ತುಂಬಬೇಕು. ರೋಗ ಬಂದ ಹಂದಿಯದ್ದಾದರೆ ಅದರ ಗಾಳಿ ಊದುವವರ ಶ್ವಾಸಕೋಶಕ್ಕೆ. 17 ಮಕ್ಕಳನ್ನು ಹೆತ್ತ ಆ ತಾಯಿ ಕೊನೆಗೆ ಅದೇ ಕಾಯಿಲೆಯಲ್ಲಿ ಹೋದಳು. ಆಮೇಲೆ ಲಿಂಡನ್ ಮೂತ್ರಕೋಶವನ್ನು ಬಿಟ್ಟು ರಬ್ಬರ್ ಚೀಲ ಹಾಕಿ ನೋಡಿದ. ರಬ್ಬರು ಬಾಯಿಗೆ ಬಗ್ಗಲಿಲ್ಲ. ವೈದ್ಯರು ಕಿವಿ ತೊಳೆಯಲು ಬಳಸುವ ಪಿಚಕಾರಿಯನ್ನು ನೋಡಿ, ಅದನ್ನೇ ದೊಡ್ಡದು ಮಾಡಿ ಹಿತ್ತಾಳೆಯ ಪಂಪು ಮಾಡಿದ. ಇದೆಲ್ಲ 1862ರ ಆಸುಪಾಸು. ಇನ್ನು ಉರುಟು ಚೆಂಡನ್ನೂ ಮಾಡಬಹುದಿತ್ತು. ಆದರೆ ರಗ್ಬಿ ಶಾಲೆಯವರು ತಮ್ಮದು ಕೈಯಲ್ಲಿ ಹಿಡಿಯುವ ಆಟ, ಉದ್ದದ ಚೆಂಡೇ ಇರಲಿ ಎಂದರು. ಲಿಂಡನ್ ಪಂಪಿಗಾಗಲಿ ಚೆಂಡಿಗಾಗಲಿ ಪೇಟೆಂಟ್ ಮಾಡಿಸಲಿಲ್ಲ, ಹಣ ಬೇರೆಯವರಿಗೆ ಹೋಯಿತು. ಆಟದ ಚರಿತ್ರೆ ಬರೆಯುವವರು ಓಡಿದವನ ಕಡೆ ನೋಡುತ್ತಾರೆಯೇ ಹೊರತು ಹೊಲಿದವನ ಕಡೆ ನೋಡುವುದಿಲ್ಲ. ಈ ಒಂದು ವಿಷಯದಲ್ಲಿ ಪೊಳಲಿ ಮೇಲು. ಮಿಜಾರಿನ ಮನೆಯಿಂದ ಚೆಂಡು ಬಾರದೆ ಅಲ್ಲಿ ಆಟವೇ ಇಲ್ಲ, ಅದು ಜಾತ್ರೆಯ ಕಟ್ಟಳೆಯಲ್ಲೇ ಸೇರಿದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1863ರಲ್ಲಿ ಲಂಡನ್ನಿನ ಕ್ಲಬ್ಬುಗಳು ಫುಟ್‌ಬಾಲಿಗೆ ಒಂದೇ ನಿಯಮ ಮಾಡಲು ಕೂತವು. ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದನ್ನು ಬಿಡುವುದಿಲ್ಲವೆಂದು ಬ್ಲ್ಯಾಕ್‌ಹೀತ್ ಕ್ಲಬ್ಬು ಎದ್ದು ಹೋಯಿತು. ಫುಟ್‌ಬಾಲೂ ರಗ್ಬಿಯೂ ಬೇರೆಯಾದದ್ದು ಅಲ್ಲಿ. ತಮಾಷೆಯೆಂದರೆ, 1871ರಲ್ಲಿ ರಗ್ಬಿಯವರು ತಮ್ಮದೇ ಯೂನಿಯನ್ ಕಟ್ಟಿದಾಗ ಅವರೂ ಆ ಒದೆತವನ್ನು ಕೈಬಿಟ್ಟರು. ಯೂನಿಯನ್ ಹುಟ್ಟಿದ್ದು ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ, ಜನವರಿ 26ರಂದು. ನಮ್ಮ ಗಣರಾಜ್ಯೋತ್ಸವದ ದಿನ. ವಾಸ್ಪ್ಸ್ ಎಂಬ ಕ್ಲಬ್ಬಿನ ಪ್ರತಿನಿಧಿ ಬೇರೆ ಯಾವುದೋ ಹೋಟೆಲಿಗೆ ಹೋಗಿ ಕುಡಿಯುತ್ತಾ ಕೂತ, ಸಭೆ ಮುಗಿಯಿತು, ಸ್ಥಾಪಕರ ಪಟ್ಟಿಯಲ್ಲಿ ಆ ಕ್ಲಬ್ಬಿಲ್ಲ. ಅದೇ ವರ್ಷ ಮಾರ್ಚ್ 27ರಂದು ಎಡಿನ್‌ಬರೋದಲ್ಲಿ ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ, ಕಡೆಗೆ 20 ಜನ. ಗೆದ್ದದ್ದು ಸ್ಕಾಟ್‌ಲೆಂಡ್. ಅಂಪೈರ್ ಆಗಿದ್ದ ಆಲ್ಮಂಡ್ ಎಂಬ ಹೆಡ್‌ಮಾಸ್ಟರು ಒಂದು ತಕರಾರಿನಲ್ಲಿ ಇಂಗ್ಲೆಂಡಿನ ವಿರುದ್ಧ ತೀರ್ಪು ಕೊಟ್ಟರು. ಯಾರು ಸರಿಯೆಂದು ತಿಳಿಯದಾಗ ಹೆಚ್ಚು ಬೊಬ್ಬೆ ಹೊಡೆಯುವವರ ವಿರುದ್ಧ ತೀರ್ಪು ಕೊಡಬೇಕು, ಅವರದೇ ತಪ್ಪಿರುವ ಸಂಭವ ಹೆಚ್ಚು ಎಂದು ಮುಂದೆ ಬರೆದರಂತೆ. ಕರಾವಳಿಯ ಕಬಡ್ಡಿ ಅಂಪೈರುಗಳು ಇದನ್ನು ಓದಿಲ್ಲ, ಆದರೆ ಪಾಲಿಸುತ್ತಾರೆ.

ಘಟ್ಟದ ಮೇಲಿನ ಸ್ಕಾಟ್‌ಲೆಂಡಿಗ

ಚಾರ್ಮಾಡಿಯ ತಿರುವುಗಳನ್ನು ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆ; ಅದರಾಚೆ ಸಕಲೇಶಪುರದ ಮಂಜರಾಬಾದ್ ಸೀಮೆ. 1856ರಲ್ಲಿ ಅಲ್ಲಿ ಕಾಫಿ ತೋಟ ಮಾಡಲು ಬಂದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಹುಡುಗನಿಗೆ ಇನ್ನೂ 20 ತುಂಬಿರಲಿಲ್ಲ. ಮೈಸೂರು ಸೀಮೆಯ ಕಾಡಿನ ತೋಟಗಾರಿಕೆಯ ಅನುಭವವನ್ನು ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದ್ದು 1871ರಲ್ಲಿ, ರಗ್ಬಿ ಯೂನಿಯನ್ ಹುಟ್ಟಿದ ವರ್ಷವೇ. ಅವನ ಬರಹದ ತುಂಬ ಹುಲಿ, ಕಾಟಿ, ಕಾಫಿಯ ಬೆಲೆ. ಚೆಂಡಿನ ಸುದ್ದಿ ಇಲ್ಲ. ಆದರೆ ಅವನ ಮನೆತನದ ಊರು ಕೆಲ್ಸೋ ಹತ್ತಿರದ ಕ್ಲಿಫ್ಟನ್ ಪಾರ್ಕ್, ರಾಕ್ಸ್‌ಬರೋ ಸೀಮೆ. ತೊಗಲ ಚೆಂಡಿಗೆ ರಿಬ್ಬನ್ ಕಟ್ಟುವ ಜೆಡ್‌ಬರೋ ಇರುವುದೂ ಅದೇ ಸೀಮೆಯಲ್ಲಿ.

ಆ ಸೀಮೆಯಲ್ಲೇ ಮೆಲ್ರೋಸ್ ಎಂಬ ಇನ್ನೊಂದು ಪಟ್ಟಣ. 1883ರಲ್ಲಿ ಅಲ್ಲಿನ ಕ್ಲಬ್ಬಿನ ಕೈ ಖಾಲಿಯಾಗಿತ್ತು. ನೆಡ್ ಹೇಗ್ ಎಂಬ ಮಾಂಸದಂಗಡಿಯ ಹುಡುಗ ಹೇಳಿದ, ಒಂದು ದಿನದ ಟೂರ್ನಮೆಂಟ್ ಇಡುವ, ಜನ ಬಂದರೆ ದುಡ್ಡು ಬರುತ್ತದೆ. ಕಡೆಗೆ 15 ಜನರ ಆಟವನ್ನು ಒಂದೇ ದಿನದಲ್ಲಿ ಅಷ್ಟೊಂದು ಸಲ ಆಡಿಸಲಾಗದು, ಏಳು ಜನ ಸಾಕು ಎಂದರು. ಫೈನಲಿಗೆ ಬಂದದ್ದು ಮೆಲ್ರೋಸೂ ನೆರೆಯ ಗಾಲಾ ತಂಡವೂ. ಸಮ ಸಮ ಆಗಿ ಹೆಚ್ಚುವರಿ ಸಮಯ ಕೊಟ್ಟರು. ಮೆಲ್ರೋಸಿನವರು ಮೊದಲು ಅಂಕ ಗಳಿಸಿದವರೇ ಆಟ ಮುಗಿಯಿತೆಂದು ಮೈದಾನ ಬಿಟ್ಟು ನಡೆದರು, ಗಾಲಾದವರು ಗಲಾಟೆ ಮಾಡುತ್ತಿದ್ದಂತೆ ಕಪ್ಪನ್ನೂ ಎತ್ತಿಕೊಂಡರು. ಕ್ಲಬ್ಬಿನ ಖಾಲಿ ಕೈ ತುಂಬಿಸಲು ಹುಟ್ಟಿದ ಈ ‘ಸೆವೆನ್ಸ್’ 2016ರಲ್ಲಿ ಒಲಿಂಪಿಕ್ಸ್ ಸೇರಿತು. ಮೊದಲ ಚಿನ್ನ ಗೆದ್ದದ್ದು ಫಿಜಿ, ಬ್ರಿಟನ್ನನ್ನೇ ಫೈನಲಿನಲ್ಲಿ 43-7ರಿಂದ ಮಣಿಸಿ. ಯಾವ ಕ್ರೀಡೆಯಲ್ಲೂ ಆ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ.

ಭಾರತಕ್ಕೆ ರಗ್ಬಿ ಬಂದದ್ದು ಕೋಲ್ಕತ್ತದ ದಾರಿಯಲ್ಲಿ. 1872ರ ಕ್ರಿಸ್‌ಮಸ್ ದಿನ ಅಲ್ಲಿ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್‌ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆಯಾಗಿ ಆಡಿದರು. ಮುಂದಿನ ವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಪುಕ್ಕಟೆ ಬಾರ್ ಇದ್ದಷ್ಟು ದಿನ ಸದಸ್ಯರು ತುಂಬಿದ್ದರು. ಬಾರ್ ಮುಚ್ಚಿದ ಮೇಲೆ ಒಬ್ಬೊಬ್ಬರೇ ಕರಗಿದರು. ಬಂಗಾಳದ ಸೆಕೆಯಲ್ಲಿ ಪೋಲೋ, ಟೆನಿಸ್ ಆಗುತ್ತಿತ್ತು, ದಬ್ಬಾಟ ಆಗುತ್ತಿರಲಿಲ್ಲ. ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಯನ್ನು ಕರಗಿಸಿ ಕಪ್ಪು ಮಾಡಿಸಿ ಲಂಡನ್ನಿನ ಯೂನಿಯನ್ನಿಗೆ ಕಳಿಸಿದರು. ಕೆತ್ತಿದವರು ಇಲ್ಲಿನ ಕುಶಲಿಗಳು. ಹಿಡಿಕೆಗಳು ಮೂರು ಹೆಡೆ ಎತ್ತಿದ ಸರ್ಪ, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್, ಸ್ಕಾಟ್‌ಲೆಂಡ್ ಅದಕ್ಕಾಗಿಯೇ ಆಡುತ್ತಿವೆ. ಮೊದಲ ವರ್ಷ ಯಾರೂ ಗೆಲ್ಲಲಿಲ್ಲ.

ನೂರು ವರ್ಷ ಕಳೆದು 1988ರಲ್ಲಿ ಎಡಿನ್‌ಬರೋದ ಪಂದ್ಯ ಮುಗಿದ ರಾತ್ರಿ ಇಬ್ಬರು ಆಟಗಾರರು, ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್‌ಲೆಂಡಿನ ಜಾನ್ ಜೆಫ್ರಿ, ಕುಡಿದ ಮತ್ತಿನಲ್ಲಿ ಆ ಕಪ್ಪನ್ನು ಬೀದಿಗೆ ತಂದು ಚೆಂಡಿನಂತೆ ಆಡಿದರು. ಕಪ್ಪು ನಜ್ಜುಗುಜ್ಜಾಯಿತು. ರಿಚರ್ಡ್ಸನಿಗೆ ಒಂದು ಪಂದ್ಯದ ಶಿಕ್ಷೆ, ಜೆಫ್ರಿಗೆ ತಿಂಗಳುಗಟ್ಟಲೆ. ಜೆಫ್ರಿ ಕೆಲ್ಸೋದ ರೈತ. ಎಲಿಯಟ್‌ನ ಊರಿನವ ಎಂದೇ ಅನ್ನಿ. ಕೆಲ್ಸೋದಿಂದ ಒಬ್ಬ ಬಂದು ನಮ್ಮ ಘಟ್ಟದ ಮೇಲೆ ತೋಟ ಮಾಡಿ ಲಾಭ ಕೊಂಡುಹೋದ. ಇನ್ನೊಬ್ಬ ನಮ್ಮ ರೂಪಾಯಿಯ ಕಪ್ಪನ್ನು ರಸ್ತೆಯಲ್ಲಿ ಒದ್ದ. ಎಲಿಯಟ್ ಕಾಫಿ ಹಚ್ಚಿದ ಗುಡ್ಡಗಳಲ್ಲಿ ಈಗಲೂ ಕಾಫಿ ಇದೆ. ಕಪ್ಪು ಎಷ್ಟು ನಾಜೂಕಾಗಿದೆಯೆಂದರೆ ಗೆದ್ದವರ ಮನೆಗೆ ಹೋಗುವುದೂ ಅದರ ನಕಲೇ.

ಕೂಲಿ ತಪ್ಪಿದ ಶನಿವಾರ

1895ರ ಮಾತು ಬಾಕಿಯಿತ್ತು. ಇಂಗ್ಲೆಂಡಿನ ಬಡಗಣ ಭಾಗದ ಗಣಿ, ಗಿರಣಿಗಳಲ್ಲಿ ದುಡಿಯುವವರು ಅಷ್ಟರಲ್ಲಿ ಆಟದಲ್ಲಿ ಮುಂದೆ ಬಂದಿದ್ದರು. ಶನಿವಾರ ಪಂದ್ಯವಿದ್ದರೆ ಆ ದಿನದ ಕೂಲಿ ಖೋತಾ. ಕ್ಲಬ್ಬು ಆ ಕೂಲಿಯನ್ನು ತುಂಬಿಕೊಡಲಿ ಎಂದು ಬಡಗಿನವರು ಕೇಳಿದರು. ದುಡ್ಡು ಮುಟ್ಟಿದರೆ ಆಟ ಕೆಡುತ್ತದೆ ಎಂದರು ತೆಂಕಣ ಸಿರಿವಂತರು. ಅವರಿಗೆ ಶನಿವಾರವೂ ಭಾನುವಾರವೂ ಒಂದೇ ಆಗಿತ್ತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಬಡಗಣ ಕ್ಲಬ್ಬುಗಳು ಸೇರಿ ಬೇರೆ ಯೂನಿಯನ್ ಕಟ್ಟಿದವು. 13 ಜನರ ‘ರಗ್ಬಿ ಲೀಗ್’ ಬೆಳೆದದ್ದು ಅದರಿಂದ.

ಶಾಲೆಯ ಹಳೆ ವಿದ್ಯಾರ್ಥಿಗಳು ವೆಬ್ ಎಲ್ಲಿಸನನ್ನು ಹುಡುಕಿದ್ದೂ ಅದೇ ವರ್ಷ. ಆಟ ಗಣಿಯವರ ಪಾಲಾಗುತ್ತಿದೆ ಎಂದಾಗ, ಅದು ಹುಟ್ಟಿದ್ದು ನಮ್ಮ ಅಂಗಳದಲ್ಲಿ ಎಂದು ಕಲ್ಲು ನೆಡುವ ಅವಸರ ಅವರಿಗಿತ್ತು ಎಂದು ಹಲವು ಚರಿತ್ರಕಾರರು ಸಂಶಯ ಪಡುತ್ತಾರೆ. ನನಗೂ ಹಾಗೇ ಕಾಣುತ್ತದೆ. ಅಂತೂ ರಗ್ಬಿ ಯೂನಿಯನ್ ಹಣವನ್ನು ಒಪ್ಪಿಕೊಂಡದ್ದು 1995ರ ಆಗಸ್ಟ್ 26ರಂದು. ಕೂಲಿಯವನ ಕೇಳಿಕೆಗೆ ಹೂಂ ಅನ್ನಲು ನೂರು ವರ್ಷಕ್ಕೆ ಮೂರು ದಿನ ಕಡಿಮೆ.

ಈ ಕಥೆ ನಮ್ಮ ಕಡೆ ಹೇಳಿದರೆ ಯಾರಿಗೂ ವಿವರಿಸಬೇಕಾಗಿಲ್ಲ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ರಾತ್ರಿ ಯಾಕೆ ನಡೆಯುತ್ತದೆ? ಹಗಲು ಹುಡುಗರು ಅಡಿಕೆ ಸುಲಿಯಲು, ಗಾರೆ ಕೆಲಸಕ್ಕೆ, ಪಿಕಪ್ ಓಡಿಸಲು ಹೋಗಬೇಕು. ಕೂಲಿಯೂ ಕೆಡಬಾರದು, ಆಟವೂ ಬಿಡಬಾರದು. ಇಂಗ್ಲೆಂಡಿನವರಿಗೆ ಟ್ಯೂಬ್‌ಲೈಟ್ ಇದ್ದಿದ್ದರೆ ಯೂನಿಯನ್ ಒಡೆಯುತ್ತಿರಲಿಲ್ಲವೋ ಏನೋ.

ಚೆಂಡಿಲ್ಲದ ರಗ್ಬಿ

ಕಪ್ಪು ಸಮುದ್ರದ ದಂಡೆಯ ಜಾರ್ಜಿಯಾ ದೇಶದಲ್ಲಿ ಶುಖುತಿ ಎಂಬ ಹಳ್ಳಿಯಿದೆ. ಈಸ್ಟರ್ ದಿನ ಮೇಲಿನ ಶುಖುತಿಯವರೂ ಕೆಳಗಿನ ಶುಖುತಿಯವರೂ 16 ಕಿಲೋ ತೂಕದ ತೊಗಲ ಚೆಂಡಿಗಾಗಿ ಹೊಡೆದಾಡುತ್ತಾರೆ. ಒಳಗೆ ಮಣ್ಣು, ದ್ರಾಕ್ಷಾರಸ. ಪಾದ್ರಿಯ ಆಶೀರ್ವಾದ ಬೇರೆ. ತಮ್ಮ ಕಡೆಯ ತೊರೆ ದಾಟಿಸಿದವರು ಗೆದ್ದಂತೆ. ಗೆದ್ದವರು ಚೆಂಡನ್ನು ಒಯ್ದು ತಮ್ಮೂರಿನ ಸತ್ತವರೊಬ್ಬರ ಗೋರಿಯ ಮೇಲಿಡುತ್ತಾರೆ. ಆಟದ ಹೆಸರು ಲೆಲೊ. 1950ರ ದಶಕದ ಕೊನೆಗೆ ಫ್ರಾನ್ಸಿನಿಂದ ಬಂದ ಜಾಕ್ ಹಸ್ಪೇಕಿಯನ್ ಅಲ್ಲಿ ರಗ್ಬಿ ಕಲಿಸಿದಾಗ ಜನರಿಗೆ ಅದು ಹೊಸದೆನಿಸಲಿಲ್ಲ. ಅಲ್ಲಿನ ರಾಷ್ಟ್ರೀಯ ತಂಡವನ್ನು ಇಂದಿಗೂ ಲೆಲೊಗಳು ಎಂದೇ ಕರೆಯುತ್ತಾರೆ. 2022ರಲ್ಲಿ ಆ ತಂಡ ವೇಲ್ಸನ್ನು ಅದರದೇ ಕಾರ್ಡಿಫ್ ಮೈದಾನದಲ್ಲಿ 13-12ರಿಂದ ಸೋಲಿಸಿತು.

ನಮ್ಮಲ್ಲಿ ಹಾಗಾಗಲಿಲ್ಲ. ಮಣಿಪುರದಲ್ಲಿ ಎಣ್ಣೆ ಸವರಿದ ತೆಂಗಿನಕಾಯಿ ಹಿಡಿದು ಓಡುವ ಯುಬಿ ಲಕ್ಪಿ ಇದೆ. ತುಳುನಾಡಿನಲ್ಲೇ ತೆಂಗಿನಕಾಯಿಗಾಗಿ ಎರಡು ಗುಂಪು ಸೆಣಸುವ ತಪ್ಪಂಗಾಯಿ ಇತ್ತು. ಪೊಳಲಿಯ ಚೆಂಡಂತೂ ಕಣ್ಣೆದುರಿಗೇ ಇದೆ. ಯಾವುದೂ ರಗ್ಬಿಗೆ ದಾರಿಯಾಗಲಿಲ್ಲ. ಬಿಳಿಯರ ಕ್ಲಬ್ಬಿನ ಬಾಗಿಲು ಊರಿನವರಿಗೆ ತೆರೆದಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ನಮ್ಮ ದಬ್ಬಾಟದ ಹಸಿವನ್ನು ಕಬಡ್ಡಿ ತೀರಿಸಿಬಿಟ್ಟಿತು. ಅದಕ್ಕೆ ಚೆಂಡಿನ ಖರ್ಚೂ ಇಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ 2010ರಲ್ಲೂ 2014ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ತಂದದ್ದು ಕಬಡ್ಡಿಯಲ್ಲಿ. ಇನ್ನು ಓಟ ಬೇಕೆಂದರೆ ಚೆಂಡು ಹುಟ್ಟುವ ಅದೇ ಮಿಜಾರಿನ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವನ್ನೇ ಬೆರಗಾಗಿಸಿದರು. ಕೆಸರಿನಲ್ಲಿ ಓಡುವ ಕಾಲು, ಸೊಂಟಕ್ಕೆ ಬಿದ್ದು ಹಿಡಿಯುವ ಕೈ, ರಗ್ಬಿಗೆ ಬೇಕಾದ್ದು ಎರಡೂ ನಮ್ಮ ಕಡೆಯ ತಾಲೂಕುಗಳಲ್ಲಿವೆ.

ದೇಶದ ಬೇರೆ ಕಡೆ ರಗ್ಬಿ ಮೆಲ್ಲಗೆ ಬೇರು ಬಿಡುತ್ತಿದೆ. ಭುವನೇಶ್ವರದ ಕಿಸ್ ಸಂಸ್ಥೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿನಲ್ಲಿ 14 ವರ್ಷದೊಳಗಿನವರ ಟೂರ್ನಮೆಂಟ್ ಗೆದ್ದರು. 2019ರ ಜೂನಿನಲ್ಲಿ ಮನಿಲಾದಲ್ಲಿ ಭಾರತದ ಹೆಣ್ಣುಮಕ್ಕಳು ಸಿಂಗಾಪುರವನ್ನು 21-19ರಿಂದ ಸೋಲಿಸಿದರು. 15 ಜನರ ಆಟದಲ್ಲಿ ಅದು ಅವರ ಮೊದಲ ಅಂತರರಾಷ್ಟ್ರೀಯ ಗೆಲುವು. 2025ರಲ್ಲಿ ಮುಂಬಯಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದಾಗಿತ್ತು. ಆಡಿದ್ದು ನೆಡ್ ಹೇಗ್‌ನ ಏಳು ಜನರ ಆಟ.

ಪೊಳಲಿ ಚೆಂಡನ್ನು ಲೀಗು ಮಾಡಬೇಕು, ಸ್ಪಾನ್ಸರ್ ತರಬೇಕು ಎಂದು ಯಾರಾದರೂ ಹೊರಟರೆ ಅಡ್ಡ ನಿಲ್ಲುವವರಲ್ಲಿ ನಾನೂ ಒಬ್ಬ. ಅದು ದೇವಿಯ ಲೆಕ್ಕದ್ದು, ಕುದಿ ಕರೆದ ಮೇಲಷ್ಟೇ ದಿನ ಗೊತ್ತಾಗಬೇಕು. ಆದರೆ ಘಟ್ಟದ ಬುಡದ ಶಾಲೆಯಲ್ಲಿ ಪಿ.ಟಿ. ಮಾಷ್ಟ್ರು ಒಬ್ಬರು ಉದ್ದನೆಯ ಚೆಂಡೊಂದನ್ನು ಅಂಗಳಕ್ಕೆ ತಂದರೆ ಬೇಡವೆನ್ನಲು ಕಾರಣ ಕಾಣುವುದಿಲ್ಲ. ಕಬಡ್ಡಿ ಆಡುವ ಮಕ್ಕಳಿಗೆ ಹಿಡಿಯುವುದು, ಬೀಳುವುದು, ಬಿದ್ದವರನ್ನು ಎಬ್ಬಿಸುವುದು ಗೊತ್ತು. ಹೊಸತಾಗಿ ಕಲಿಸಬೇಕಾದ್ದು ಒಂದೇ: ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಜೊತೆಯವನಿಗೆ ಕೊಡುವುದಿದ್ದರೆ ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು, ಮುಂದಕ್ಕೆ ಹೋಗಬೇಕಾದರೆ ತಾನೇ ಓಡಬೇಕು. ಅದು ತಲೆಗೆ ಹತ್ತಲು ಸ್ವಲ್ಪ ದಿನ ಹಿಡಿದೀತು. ಶುರು ಮಾಡುವುದಿದ್ದರೆ ಜೂನ್ ಒಳ್ಳೆಯದು ಮಾರಾಯ್ರೆ. ಚಾರ್ಮಾಡಿಯ ಮಳೆಗೆ ಅಂಗಳ ಹೇಗೂ ಮೆತ್ತಗಾಗಿರುತ್ತದೆ, ಬಿದ್ದರೆ ಮೈಗೆ ಆಗುವುದು ಕೆಸರು ಮಾತ್ರ. ಬಟ್ಟೆ ಒಗೆಯುವ ಅಮ್ಮಂದಿರನ್ನು ಮೊದಲೇ ಒಂದು ಮಾತು ಕೇಳಿಬಿಡಿ.